ಗುಡ್ ಫ್ರೈಡೇಯ ‘ಗುಡ್’ ಎಲ್ಲಿಂದ ಬಂತು?



ತಪಸ್ಸುಕಾಲ ಮುಗಿಯುತ್ತ ಬಂದು ಪವಿತ್ರ ವಾರ ಕಾಲಿಟ್ಟಿತೆಂದರೆ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಕ್ರೈಸ್ತ ಕುಟುಂಬಗಳಿಗೆ ವರ್ಷವೂ ಎದುರಾಗುವ ಪ್ರಶ್ನೆಯೊಂದಿದೆ. ಓಣಿಯ ಹಿರಿಯರು ಕೇಳುತ್ತಾರೆ, ಮಕ್ಕಳ ಶಾಲೆಯ ಸಂಗಡಿಗರು ಕೇಳುತ್ತಾರೆ, ಕಾರ್ಖಾನೆಯಲ್ಲಿ ಪಕ್ಕದಲ್ಲಿ ನಿಂತು ದುಡಿಯುವವರೂ ಕೇಳುತ್ತಾರೆ: “ನಿಮ್ಮ ಯೇಸುಸ್ವಾಮಿ ಸತ್ತ ದಿನ ಅಂತೀರಿ, ಮತ್ತ ಅದಕ್ಕ ಶುಭ ಶುಕ್ರವಾರ ಅಂತ ಹ್ಯಾಂಗ ಅಂತೀರಿ?”

ಕೇಳುವವರಲ್ಲಿ ಕುಚೋದ್ಯವಿಲ್ಲ. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ, ಶುಭಕಾರ್ಯವಿಲ್ಲ ಎಂಬ ರೂಢಿಯಲ್ಲಿ ಬೆಳೆದವರಿಗೆ ಸಾವಿನ ದಿನವನ್ನೇ ‘ಶುಭ’ ಎಂದು ಕರೆಯುವುದು ವಿಚಿತ್ರವಾಗಿ ಕಾಣುವುದು ಸಹಜ. ನಾವು ಕೊಡುವ ಉತ್ತರವೂ ಗೊತ್ತಿರುವುದೇ: “ಅವರ ಮರಣದಿಂದ ನಮಗೆ ರಕ್ಷಣೆ ದೊರೆಯಿತು, ಆದ್ದರಿಂದ ಅದು ನಮಗೆ ಶುಭ ದಿನ.” ವಿಶ್ವಾಸದ ದೃಷ್ಟಿಯಿಂದ ಈ ಉತ್ತರ ಸರಿಯೇ. ಅಮೆರಿಕದ ಮಕ್ಕಳಿಗಾಗಿ 1885ರಲ್ಲಿ ಹೊರಬಂದ ಬಾಲ್ಟಿಮೋರ್ ಧರ್ಮೋಪದೇಶದ ಪುಸ್ತಕವೂ ಇದೇ ಪ್ರಶ್ನೆ ಹಾಕಿ ಇದೇ ಧಾಟಿಯ ಉತ್ತರ ಕೊಟ್ಟಿತ್ತು. ಆದರೆ ಪದದ ಚರಿತ್ರೆ ಬೇರೆ. ‘ಗುಡ್’ ಎಂಬ ಆ ಪುಟ್ಟ ಇಂಗ್ಲಿಷ್ ಗುಣವಾಚಕ ಶುಕ್ರವಾರದ ಮುಂದೆ ಬಂದು ಕುಳಿತಾಗ ಅದರ ಅರ್ಥ ‘ಶುಭ’ ಎಂದಾಗಿರಲಿಲ್ಲ. ಹಾಗಾದರೆ ಏನಾಗಿತ್ತು? ಅದನ್ನು ತಿಳಿಯಲು ಆ ಪದ ನಮ್ಮೂರಿಗೆ ಬಂದ ದಾರಿಯಿಂದಲೇ ಹೊರಡೋಣ.

ನಮ್ಮ ಭಾಗದ ಸಾಮಾನ್ಯ ಜನರ ಬಾಯಿಗೆ ಈ ಪದ ದೇವಾಲಯದಿಂದ ಬಂದದ್ದಕ್ಕಿಂತ ರೈಲಿನಿಂದ ಬಂದದ್ದೇ ಹೆಚ್ಚು ಎಂದು ನನ್ನ ಎಣಿಕೆ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಶಹಾಬಾದ, ವಾಡಿಗಳನ್ನು ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಮೂರು ವರ್ಷಗಳ ನಂತರ, 1874ರಲ್ಲಿ, ನಿಜಾಮರ ಹಣದಿಂದ ವಾಡಿ–ಸಿಕಂದರಾಬಾದ ಮಾರ್ಗ ತೆರೆಯಿತು. ಚಿತ್ತಾಪುರ, ಸೇಡಂ, ತಾಂಡೂರುಗಳ ಮೇಲೆ ಹಾದುಹೋಗುವ ದಾರಿ ಅದು. ಸೇಡಂ ಎಂಬ ನಮ್ಮೂರು ರೈಲಿನ ಇಂಗ್ಲಿಷಿನಲ್ಲಿ ‘ಸೇರಂ’ ಆಗಿ ಇಂದಿಗೂ ಹಾಗೆಯೇ ಉಳಿದಿದೆ. ಇಂಗ್ಲಿಷಿಗೆ ದಾಟುವಾಗ ನಮ್ಮ ಊರಿನ ಹೆಸರೇ ಬದಲಾಯಿತೆಂದ ಮೇಲೆ, ಇಂಗ್ಲಿಷಿನಿಂದ ಇತ್ತ ದಾಟಿದ ಪದಗಳ ಅರ್ಥ ಅಲುಗಾಡಿದ್ದರಲ್ಲಿ ಆಶ್ಚರ್ಯವೇನಿದೆ? ಚಿಂಚೋಳಿ ಊರಿಗೆ ಮಾತ್ರ ರೈಲು ಬರಲೇ ಇಲ್ಲ. ಅಲ್ಲಿಯವರು ರೈಲು ಹತ್ತಲು ತಾಂಡೂರಿಗೆ ಹೋಗಬೇಕು.

ಈ ಹಳಿಗಳ ಮೇಲೆ ಓಡಿದ ಎರಡು ಬಗೆಯ ಗಾಡಿಗಳಲ್ಲಿ ಒಂದು ಪ್ಯಾಸೆಂಜರ್, ಇನ್ನೊಂದು ಗೂಡ್ಸ್. ಶಹಾಬಾದದ ಫರಸಿ ಕಲ್ಲು ಊರೂರಿನ ಮನೆಗಳ ನೆಲಕ್ಕೆ ಹಾಸಲು ಹೋದದ್ದು ಗೂಡ್ಸಿನಲ್ಲಿ. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅವುಗಳಲ್ಲಿ ಶಹಾಬಾದದ ಕಂಪನಿಯೂ ಒಂದು. 1968ರಲ್ಲಿ ವಾಡಿಯ ಕಾರ್ಖಾನೆ ಶುರುವಾಯಿತು. ಆಮೇಲೆ ಮಳಖೇಡ, ಸೇಡಂಗಳಲ್ಲೂ ಚಿಮಣಿಗಳೆದ್ದವು. ಸುಣ್ಣದ ಕಲ್ಲಿನ ಈ ಸೀಮೆಯಿಂದ ಹೊರಟ ಸಿಮೆಂಟೂ ಗೂಡ್ಸನ್ನೇ ಹತ್ತಿತು. ‘ಗೂಡ್ಸ್ ಶೆಡ್’, ‘ಗೂಡ್ಸ್ ಗಾಡಿ’, ಈಚೆಗೆ ‘ಗೂಡ್ಸ್ ಆಟೋ’ ಎಂದು ಎಷ್ಟು ಸಲೀಸಾಗಿ ಹೇಳುತ್ತೇವೆಂದರೆ ಅದರೊಳಗೆ ‘ಗುಡ್’ ಅಡಗಿ ಕುಳಿತಿದೆ ಎಂಬುದೇ ನೆನಪಾಗುವುದಿಲ್ಲ. (ಗೂಡ್ಸ್ ಗಾರ್ಡ್ ಎಂಬ ಹುದ್ದೆಯ ಹೆಸರನ್ನು ರೈಲ್ವೆ 2022ರಲ್ಲಿ ‘ಗೂಡ್ಸ್ ಟ್ರೇನ್ ಮ್ಯಾನೇಜರ್’ ಎಂದು ಬದಲಿಸಿತು. ಗಾರ್ಡ್ ಹೋದರೂ ಗೂಡ್ಸ್ ಉಳಿಯಿತು.)

ಒಳ್ಳೆಯದು ಎಂಬ ಪದ ಸರಕು ಎಂದಾದದ್ದು ಹೇಗೆ? ಮನುಷ್ಯ ಎಲ್ಲ ಕಾಲದಲ್ಲೂ ತನ್ನ ಬಳಿ ಇರುವುದನ್ನೇ ‘ಒಳ್ಳೆಯದು’ ಎಂದುಕೊಂಡಿದ್ದಾನೆ. ಸಂಸ್ಕೃತದ ‘ವಸು’ ಎಂಬ ಪದಕ್ಕೂ ಒಳ್ಳೆಯದು ಎಂಬ ಅರ್ಥವೂ ಇದೆ, ಸಂಪತ್ತು ಎಂಬ ಅರ್ಥವೂ ಇದೆ. ಗ್ರೀಕಿನಲ್ಲಿಯೂ ಹಾಗೆಯೇ. ಸಂತ ಲೂಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಬರುವ ಶ್ರೀಮಂತ ರೈತನನ್ನು ನೆನಪಿಸಿಕೊಳ್ಳಿ. ಹಗೇವು ಕೆಡವಿ ದೊಡ್ಡದು ಕಟ್ಟಿಸುತ್ತೇನೆ, ವರ್ಷಗಟ್ಟಲೆ ಉಣ್ಣುವಷ್ಟು ಇದೆ ಎಂದು ತನ್ನ ಪ್ರಾಣಕ್ಕೇ ಹೇಳಿಕೊಂಡವನು. ಅವನು ಕೂಡಿಟ್ಟ ಸರಕಿಗೆ ಮೂಲದಲ್ಲಿ ಇರುವ ಪದ ‘ಅಗಥಾ’, ಅಂದರೆ ಅಕ್ಷರಶಃ ‘ಒಳ್ಳೆಯವು’. ಅದೇ ರಾತ್ರಿ ಅವನ ಪ್ರಾಣ ಹೋಗುತ್ತದೆ, ಆ ‘ಒಳ್ಳೆಯವು’ ಹಗೇವಿನಲ್ಲೇ ಉಳಿಯುತ್ತವೆ. ತೊಗರಿಯ ರಾಶಿ ಮುಗಿದ ಕಾಲಕ್ಕೆ ನಮ್ಮ ಅಡತಿ ಅಂಗಡಿಗಳಲ್ಲಿ “ಮಾಲು ಚಲೋ ಅದ” ಎನ್ನುವುದನ್ನು ಕೇಳಿದಾಗಲೆಲ್ಲ ನನಗೆ ಈ ಸಾಮತಿ ನೆನಪಾಗುತ್ತದೆ. ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರೆ ‘ಗೂಡ್ಸ್ ಆರ್ ಗುಡ್’ ಎಂದಾಗಿ, ಒಂದೇ ಪದ ಎರಡು ಸಲ ಬರುತ್ತದೆ!

ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳನ್ನು ಕಾಡಿಸುವುದೂ ಈ ಪದದ ಇಂಥ ಚಾಳಿಯೇ. ‘ಗುಡ್ ಬಾಯ್’ ಎಂದರೆ ಹೇಳಿದ ಮಾತು ಕೇಳುವವನು. ‘ಗುಡ್ ಇನ್ ಮ್ಯಾಥ್ಸ್’ ಎಂದರೆ ಗಣಿತದಲ್ಲಿ ಜಾಣ, ಅವನ ನಡತೆಗೂ ಅದಕ್ಕೂ ಸಂಬಂಧವಿಲ್ಲ. ‘ಎ ಗುಡ್ ಟೂ ಅವರ್ಸ್’ ಎಂದರೆ ಪೂರಾ ಎರಡು ತಾಸು. ವಾಡಿಯಲ್ಲಿ ಗಾಡಿ ತಡವಾಗಿ ಕಾದು ಸಾಕಾದವರೂ ಅದನ್ನು ಗುಡ್ ಎಂದೇ ಹೇಳಬೇಕು. ‘ಫಾರ್ ಗುಡ್’ ಎಂದರೆ ಶಾಶ್ವತವಾಗಿ. ‘ಗುಡ್‌ಬೈ’ ಎಂಬ ಪದದಲ್ಲಿರುವುದು ಗುಡ್ ಅಲ್ಲವೇ ಅಲ್ಲ. ದೇವರು ನಿಮ್ಮೊಡನೆ ಇರಲಿ ಎಂಬ ಹಾರೈಕೆ ಸವೆದು ಸವೆದು, ‘ಗುಡ್ ಡೇ’ಯ ಸಹವಾಸದಿಂದ ಗುಡ್ ಆಗಿಬಿಟ್ಟಿದೆ.

ನ್ಯಾಯಾಲಯದ ಭಾಷೆಯಲ್ಲಿ ಈ ಪದ ಇನ್ನೂ ಸೂಕ್ಷ್ಮ. ‘ಗುಡ್ ಫೇತ್’ ಎಂಬ ಮಾತನ್ನು ನಾವು ಸದ್ಭಾವನೆ ಎಂದು ಅನುವಾದಿಸುತ್ತೇವೆ. 1860ರ ಭಾರತೀಯ ದಂಡ ಸಂಹಿತೆಯ 52ನೇ ಕಲಮಿನ ಪ್ರಕಾರ, ತಕ್ಕ ಎಚ್ಚರಿಕೆ ವಹಿಸದೆ ಮಾಡಿದ ಯಾವ ಕೆಲಸವೂ ಸದ್ಭಾವನೆಯಿಂದ ಮಾಡಿದ್ದಾಗದು. 1897ರ ಜನರಲ್ ಕ್ಲಾಸಸ್ ಕಾಯ್ದೆಯ ಪ್ರಕಾರವಾದರೋ ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ಅಜಾಗರೂಕತೆ ಇದ್ದರೂ ಅದು ಸದ್ಭಾವನೆಯೇ. ಒಂದೇ ದೇಶ, ಒಂದೇ ಪದ, ಎರಡು ಅಳತೆ. ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದರೂ ಮೊದಲಿನ ಆ ಕಟ್ಟುನಿಟ್ಟಿನ ಅರ್ಥ ಉಳಿದುಕೊಂಡಿದೆ. ಮನಸ್ಸು ಒಳ್ಳೆಯದಿದ್ದರೆ ಸಾಕೋ, ಕೈಯೂ ಎಚ್ಚರವಾಗಿರಬೇಕೋ ಎಂಬುದು ಪಾಪನಿವೇದನೆಗೆ ಸಿದ್ಧರಾಗುವವರೂ ಕೇಳಿಕೊಳ್ಳುವ ಪ್ರಶ್ನೆ.

ಇಷ್ಟೆಲ್ಲ ಅರ್ಥಗಳು ಒಂದೇ ಬೇರಿನಿಂದ ಹೊರಟವು. ಭಾಷಾಪಂಡಿತರ ಪ್ರಕಾರ ‘ಗುಡ್’ ಪದದ ಮೂಲ ಅರ್ಥ ‘ಹೊಂದಿಕೊಳ್ಳುವುದು, ತಕ್ಕದ್ದು’. ಒಟ್ಟುಗೂಡಿಸು ಎಂಬರ್ಥದ ‘ಗ್ಯಾದರ್’, ಜೊತೆಯಾಗಿ ಎಂಬರ್ಥದ ‘ಟುಗೆದರ್’ ಇವೂ ಅದೇ ಬಳಗದವು. ದೇವರು ಎಂಬರ್ಥದ ‘ಗಾಡ್’ ಪದಕ್ಕೂ ಇದಕ್ಕೂ ರಕ್ತಸಂಬಂಧವಿಲ್ಲ. ಕೇಳಲು ಮಾತ್ರ ಅಣ್ಣತಮ್ಮಂದಿರಂತೆ. ಈ ಹೋಲಿಕೆಯಿಂದಲೇ ಎರಡು ಕಡೆ ಗೊಂದಲವಾಗಿದೆ. ‘ಗಾಸ್ಪೆಲ್’ ಎಂಬುದು ಮೊದಲು ‘ಗೋಡ್‌ಸ್ಪೆಲ್’, ಅಂದರೆ ಒಳ್ಳೆಯ ಸುದ್ದಿ, ನಾವು ಶುಭಸಂದೇಶ ಎನ್ನುವಂತೆ. ಮೊದಲ ಸ್ವರ ಗಿಡ್ಡವಾದ ಮೇಲೆ ಜನ ಅದನ್ನು ‘ದೇವರ ಮಾತು’ ಎಂದು ತಿಳಿದರು. ಗುಡ್ ಫ್ರೈಡೇಯ ವಿಷಯದಲ್ಲಿ ಇದು ತಿರುಗಿತು: ಅದು ಮೊದಲು ‘ಗಾಡ್ಸ್ ಫ್ರೈಡೇ’, ಅಂದರೆ ದೇವರ ಶುಕ್ರವಾರ ಆಗಿತ್ತು, ಬರಬರುತ್ತ ಗುಡ್ ಆಯಿತು ಎಂದು ಅನೇಕರು ಹೇಳುತ್ತಾರೆ. ಪ್ರವಚನಗಳಲ್ಲಿಯೂ ಇದನ್ನು ಕೇಳಿದ್ದೇವೆ. ಕೇಳಲು ಚೆನ್ನಾಗಿದೆ, ಆದರೆ ಅದಕ್ಕೆ ಆಧಾರವಿಲ್ಲ.

ಆಧಾರವಿರುವುದು ಇದಕ್ಕೆ. ಸುಮಾರು 1290ರ ಹೊತ್ತಿನ ಇಂಗ್ಲಿಷ್ ಸಂತಚರಿತ್ರೆಗಳ ಸಂಗ್ರಹವೊಂದರಲ್ಲಿ ‘ಗುಡ್ ಫ್ರೈಡೇ’ ಎಂಬ ಹೆಸರು ಆಗಲೇ ಸಿಗುತ್ತದೆ. ‘ಗಾಡ್ಸ್’ ಅಲ್ಲ, ಗುಡ್ಡೇ. ಆ ಕಾಲದ ಇಂಗ್ಲಿಷರು ಧರ್ಮಸಭೆ ಪವಿತ್ರವೆಂದು ಆಚರಿಸುವ ಯಾವುದೇ ದಿನವನ್ನು, ಕಾಲವನ್ನು ‘ಗುಡ್’ ಎನ್ನುತ್ತಿದ್ದರು. ಕ್ರಿಸ್ಮಸ್ ಕಾಲ ‘ಗುಡ್ ಟೈಡ್’, ತಪಸ್ಸುಕಾಲಕ್ಕೆ ಮುಂಚಿನ ಮಂಗಳವಾರವೂ ‘ಗುಡ್ ಟೈಡ್’. ಪವಿತ್ರ ವಾರದ ಬುಧವಾರವನ್ನು ‘ಗುಡ್ ವೆಡ್ನೆಸ್‌ಡೇ’ ಎಂದದ್ದೂ ಉಂಟು. ಹೀಗೆ ಗುಡ್ ಎಂದರೆ ಇಲ್ಲಿ ಪವಿತ್ರ, ದೇವರಿಗೆ ಮೀಸಲಾದದ್ದು. ಕಾಲಾಂತರದಲ್ಲಿ ಈ ಅರ್ಥ ಇಂಗ್ಲಿಷಿನಿಂದ ಬಿದ್ದುಹೋಯಿತು. ಗುಡ್ ಬುಧವಾರವೂ ಹೋಯಿತು. ಹೊಳೆ ಬತ್ತಿದ ಮೇಲೆ ಉಳಿದ ಮಡುವಿನ ಹಾಗೆ ಶುಕ್ರವಾರವೊಂದರಲ್ಲಿ ಮಾತ್ರ ಆ ಹಳೆಯ ಅರ್ಥ ನಿಂತುಬಿಟ್ಟಿತು. ಹಳೆಯ ಅರ್ಥ ಮರೆತವರು ಹೊಸ ಅರ್ಥವನ್ನು ಅದರೊಳಗೆ ತುಂಬಿದರು.

ಈ ಗುಡ್ ಇಡೀ ಕ್ರೈಸ್ತಲೋಕದ್ದಲ್ಲ ಎಂಬುದನ್ನೂ ಗಮನಿಸಬೇಕು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಯಾತ್ರೆ ಹೋದ ಎಜೀರಿಯಾ ಎಂಬ ಮಹಿಳೆ ಅಲ್ಲಿ ಆ ಶುಕ್ರವಾರ ಜನ ಶಿಲುಬೆಯ ಮರಕ್ಕೆ ಮುತ್ತಿಡುವುದನ್ನೂ, ಗಂಟೆಗಟ್ಟಲೆ ವಾಚನ ಕೇಳುತ್ತ ಅಳುವುದನ್ನೂ ಬರೆದಿಟ್ಟಿದ್ದಾಳೆ. ಇಂಗ್ಲಿಷರೇ ಮೊದಲು ಆ ದಿನವನ್ನು ‘ದೀರ್ಘ ಶುಕ್ರವಾರ’ ಎನ್ನುತ್ತಿದ್ದರು. ಉಪವಾಸದ, ನೋವಿನ ದಿನ ಉದ್ದವಾಗಿಯೇ ಇರುತ್ತದಲ್ಲವೇ? ಸ್ವೀಡನ್ ಮೊದಲಾದ ನಾಡುಗಳಲ್ಲಿ ಇಂದಿಗೂ ಅದೇ ಹೆಸರು. ಜರ್ಮನರಿಗೆ ಅದು ಪ್ರಲಾಪದ ಶುಕ್ರವಾರ. ಸ್ಪ್ಯಾನಿಷ್, ಫ್ರೆಂಚ್, ಪೋರ್ಚುಗೀಸರಿಗೆ ಪವಿತ್ರ ಶುಕ್ರವಾರ. ಗುಡ್ ಎನ್ನುವವರಲ್ಲಿ ಇಂಗ್ಲಿಷರ ಜೊತೆಗೆ ಡಚ್ಚರಿದ್ದಾರೆ. ಇನ್ನು ನಮ್ಮ ಪೂಜಾಗ್ರಂಥದ ಲತೀನಿನಲ್ಲಿ ಆ ಪದ ಎಂದೂ ಇರಲಿಲ್ಲ. ಹಿಂದೆ ಅದು ‘ಸಿದ್ಧತೆಯ ಶುಕ್ರವಾರ’ ಆಗಿತ್ತು. ಜಗದ್ಗುರು ಹನ್ನೆರಡನೆಯ ಭಕ್ತಿನಾಥರು, ಅಂದರೆ ಪಯಸ್‌ರವರು, 1955ರಲ್ಲಿ ಪವಿತ್ರ ವಾರದ ವಿಧಿಗಳನ್ನು ಸುಧಾರಿಸಿದಾಗ ‘ಪ್ರಭುವಿನ ಯಾತನೆ ಮತ್ತು ಮರಣದ ಶುಕ್ರವಾರ’ ಎಂದಾಯಿತು.

ರೈಲು ಮತ್ತು ಸಿಮೆಂಟು ನಾಲ್ಕೂ ದಿಕ್ಕಿನಿಂದ ಜನರನ್ನು ತಂದದ್ದರಿಂದ ವಾಡಿ, ಶಹಾಬಾದಗಳಲ್ಲಿ ಈ ಹೆಸರುಗಳ ಮೇಳವೇ ಇದೆ. ಕೇರಳದಿಂದ ಬಂದವರಿಗೆ ಆ ದಿನ ‘ದುಃಖ ವೆಳ್ಳಿ’. ತಮಿಳರಿಗೆ ‘ಪೆರಿಯ ವೆಳ್ಳಿ’, ದೊಡ್ಡ ಶುಕ್ರವಾರ. ಈಚೆಗೆ ‘ಪುನಿತ ವೆಳ್ಳಿ’. ಚಿಂಚೋಳಿ, ಸೇಡಂಗಳ ಗಡಿಯಾಚೆಗೆ ಹೋದರೆ ತೆಲುಗಿನವರ ‘ಮಂಚಿ ಶುಕ್ರವಾರಮು’. ಗಡಿ ಎಂದೆನಾದರೂ ಅದು 1956ರ ಗಡಿ. ಅದಕ್ಕೆ ಮುಂಚೆ ತಾಂಡೂರು, ಕೊಡಂಗಲ್ಲುಗಳೂ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದವು. ಮರಾಠಿಯಲ್ಲಿ ‘ಉತ್ತಮ ಶುಕ್ರವಾರ’ ಎನ್ನುವವರುಂಟು. ಹಿಂದಿಯ ಕಥೋಲಿಕರು ‘ಪುಣ್ಯ ಶುಕ್ರವಾರ’ ಎನ್ನುತ್ತಾರೆ. ಒಂದೇ ಕಾಲೋನಿಯ ಒಂದೇ ಸಾಲಿನ ಮನೆಗಳಲ್ಲಿ ಒಂದೇ ದಿನ ದುಃಖದ್ದೂ, ದೊಡ್ಡದೂ, ಒಳ್ಳೆಯದೂ, ಪುಣ್ಯದ್ದೂ ಆಗಿರುತ್ತದೆ. ಇಂಗ್ಲಿಷಿನಿಂದ ಅನುವಾದಿಸಿದವರು ಗುಡ್ ಎಂದದ್ದನ್ನು ಮಂಚಿ, ಉತ್ತಮ, ಶುಭ ಎಂದರು. ಇಂಗ್ಲಿಷಿನ ಹಿಂದಕ್ಕೆ ಹೋದವರು ಪುಣ್ಯ, ಪುನಿತ ಎಂದರು. ಮಲಯಾಳಿಗಳು ಯಾರನ್ನೂ ಕೇಳದೆ ತಮ್ಮ ಎದೆಯನ್ನೇ ಕೇಳಿಕೊಂಡರು.

ನಮ್ಮ ಕನ್ನಡದ ‘ಶುಭ’ ಗುಡ್ ಪದದ ಭಾರವನ್ನಷ್ಟೇ ಹೊರಲಿಲ್ಲ; ತನ್ನ ಭಾರವನ್ನೂ ತಂದಿತು. ಇಂಗ್ಲಿಷಿನ ಗುಡ್‌ಗೆ ಪಂಚಾಂಗವಿಲ್ಲ. ನಮ್ಮ ಶುಭಕ್ಕೆ ಮುಹೂರ್ತವಿದೆ, ಎದುರಿಗೆ ಅಶುಭವೆಂಬುದಿದೆ. ಶುಭಕಾರ್ಯಕ್ಕೆ ಯಾರು ಎದುರು ಬರಬೇಕು, ಯಾರು ಬರಬಾರದು ಎಂಬ ಕಟ್ಟಳೆಯಿದೆ. ಗಂಡನನ್ನು ಕಳೆದುಕೊಂಡ ಎಷ್ಟೋ ತಾಯಂದಿರು ಈ ಒಂದು ಪದದಿಂದ ಅನುಭವಿಸಿದ ನೋವು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಆ ಶುಕ್ರವಾರ ಶಿಲುಬೆಯ ಬಳಿ ನಿಂತಿದ್ದವರಲ್ಲಿ ಮಗನ ಸಾವನ್ನು ಕಣ್ಣಾರೆ ಕಂಡ ತಾಯಿ ಇದ್ದರು. ಇಂಥ ಪದವನ್ನು ಆ ದಿನದ ಮೇಲೆ ಹೊದಿಸಿದಾಗ ನೆರೆಯವರು ಬೆರಗಾಗಿ ಕೇಳಿದರೆ ತಪ್ಪು ಅವರದಲ್ಲ.

ಪದಗಳನ್ನು ಬೆಸೆಯುವಾಗಿನ ಈ ಅಪಾಯವನ್ನು ನಮ್ಮ ನೆಲ ಬಹಳ ಹಿಂದೆಯೇ ಅರಿತಿತ್ತು. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕ್ರಿ.ಶ. 850ರ ಸುಮಾರಿನಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’, ಸಂಸ್ಕೃತ ಪದಗಳನ್ನು ಕನ್ನಡದೊಡನೆ ಅರಿಯದೆ ಬೆರಸಬಾರದೆಂದು ಎಚ್ಚರಿಸುತ್ತದೆ. ಕನ್ನಡದ ಊರೂರಿನ ಬಗೆಗಳು ಎಷ್ಟೆಂದರೆ ಸಾವಿರ ನಾಲಗೆಯ ವಾಸುಕಿಗೂ ಅವುಗಳ ದೋಷ ಎಣಿಸಿ ಬೇಸರವಾದೀತು ಎಂದೂ ಅದು ಹೇಳುತ್ತದೆ. ಅಂಥ ಊರಿನವರಾದ ನಾವು ನಮ್ಮ ಬಾಯಲ್ಲಿ ‘ಒಳ್ಳೆಯದು’ ಎಂಬುದಕ್ಕೆ ಏನೇನಿದೆ ಎಂದು ಒಮ್ಮೆ ನೋಡಬಾರದೇಕೆ?

ಹಳಗನ್ನಡದಲ್ಲಿ ‘ಒಳ್’ ಮತ್ತು ‘ನಲ್’ ಎರಡೂ ಇದ್ದವು. ತಮಿಳಿನಲ್ಲಿ ‘ನಲ್ಲ’ ಎಂದರೆ ಇಂದಿಗೂ ಒಳ್ಳೆಯದು. ಕನ್ನಡದಲ್ಲಿ ಆ ಪದ ಪ್ರೀತಿಗೆ ಮೀಸಲಾಗಿ ನಲ್ಲ, ನಲ್ಲೆ, ನಲ್ಮೆ ಎಂದಾಯಿತು. ಪುಸ್ತಕದಲ್ಲಿ ನಾವು ‘ಒಳ್ಳೆಯ’ ಎಂದು ಬರೆದರೂ ಬಾಯಲ್ಲಿ ಬರುವುದು ‘ಚಲೋ’. “ಹುಡುಗ ಚಲೋ ಅದಾನ,” “ಮಳಿ ಚಲೋ ಆಗ್ಯಾದ.” ಇನ್ನೊಂದು ‘ಛಂದ’: “ಊಟ ಛಂದ ಆಗ್ಯಾದ.” ಇದರ ಜೊತೆಗೆ ನಿಜಾಮರ ಕಾಲದಿಂದ ಉಳಿದ ದಖನಿಯ ‘ಅಚ್ಛಾ’, ಅದು ಹೌದಾ ಎಂಬುದಕ್ಕೂ ಆಗುತ್ತದೆ, ಆಯಿತು ಎಂಬುದಕ್ಕೂ ಆಗುತ್ತದೆ. ಛಂದವೆಂದರೆ ನೇರವಾಗಿ ಚೆಲುವು. ಚಲೋ ಕೂಡ ಚೆಲುವು ಎಂಬ ಮಾತಿನಿಂದಲೇ ಬಂದಿರಬೇಕೆಂದು ನನಗೆ ತೋರುತ್ತದೆ. ನಮ್ಮ ಕಡೆಯವರಿಗೆ ಒಳ್ಳೆಯದೂ ಚೆಲುವಾದದ್ದೂ ಬೇರೆ ಬೇರೆಯಲ್ಲ. ಆಶ್ಚರ್ಯದ ಸಂಗತಿಯೆಂದರೆ ‘ಶುಭ’ ಪದದ ಸಂಸ್ಕೃತ ಮೂಲವೂ ಅಲ್ಲಿಗೇ ಹೋಗುತ್ತದೆ. ‘ಶುಭ್’ ಎಂದರೆ ಹೊಳೆ, ಬೆಳಗು. ಶೋಭೆ ಅದರ ಒಡಹುಟ್ಟು. ಮುಹೂರ್ತ, ಅಶುಭಗಳ ಗಂಟು ಅದಕ್ಕೆ ಅಂಟಿದ್ದು ಆಮೇಲೆ.

ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ 1980ರ ದಶಕದಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಅಶೋಕನ ಶಾಸನದ ಕಲ್ಲು ಸಿಕ್ಕಿತು. ದೇವರ ಪೀಠಕ್ಕೆ ಬಳಸಿದ್ದ ಕಲ್ಲು ಅದು. ಅದರಲ್ಲಿರುವ ಶಾಸನಗಳಲ್ಲಿ ಹನ್ನೆರಡನೆಯದೂ ಒಂದು, ಎಲ್ಲ ಮತಗಳವರು ಪರಸ್ಪರರ ಮಾತು ಕೇಳಬೇಕೆಂದು ಹೇಳುವುದು. ಆ ಹನ್ನೆರಡನೆಯ ಶಾಸನದ ಗಿರ್ನಾರಿನ ಪ್ರತಿಯಲ್ಲಿ ಒಮ್ಮತವನ್ನು ಹೊಗಳಲು ಬಳಸಿದ ಗುಣವಾಚಕ ‘ಸಾಧು’, ಅಂದರೆ ಒಳ್ಳೆಯದು. ಅಶೋಕನ ಐದನೆಯ ಶಾಸನದಲ್ಲಿ ಒಳ್ಳೆಯದು ಎಂಬುದಕ್ಕೆ ಇರುವ ಪದ ‘ಕಲ್ಯಾಣ’. ಒಳ್ಳೆಯದನ್ನು ಮಾಡುವುದು ಕಷ್ಟವೆಂದು ಅಲ್ಲಿ ಹೇಳಿದೆ. ಎರಡು ಸಾವಿರ ವರ್ಷ ಕಳೆದ ಮೇಲೆ, 2019ರಲ್ಲಿ, ಹೈದರಾಬಾದ ಕರ್ನಾಟಕವೆಂದು ಕರೆಯುತ್ತಿದ್ದ ನಮ್ಮ ಸೀಮೆಗೆ ಸರ್ಕಾರ ಇಟ್ಟ ಹೆಸರು ‘ಕಲ್ಯಾಣ ಕರ್ನಾಟಕ’. ಹೆಸರು ಬಸವಕಲ್ಯಾಣವನ್ನು ನೆನಪಿಸುವುದು ನಿಜ. ಪದಕ್ಕೆ ಮಾತ್ರ ಚೆಲುವಾದ, ಒಳ್ಳೆಯ ಎಂಬೆರಡೂ ಅರ್ಥಗಳಿವೆ.

ಈಗ ಶುಭಸಂದೇಶದ ಗ್ರೀಕಿಗೆ ಬರೋಣ. ಗ್ರೀಕಿನಲ್ಲಿ ಒಳ್ಳೆಯದಕ್ಕೆ ಮುಖ್ಯವಾಗಿ ಎರಡು ಪದಗಳು. ಒಂದು, ಮೇಲೆ ಹೇಳಿದ ರೈತನ ಹಗೇವಿನಲ್ಲಿದ್ದ ‘ಅಗಥೊಸ್’. ಇನ್ನೊಂದು ‘ಕಲೊಸ್’: ಚೆಲುವಾದ, ಆದ್ದರಿಂದ ಒಳ್ಳೆಯ. ನಮ್ಮ ಕಲ್ಯಾಣಕ್ಕೂ ಈ ಕಲೊಸಿಗೂ ಮೂಲದಲ್ಲಿ ನಂಟಿರಬಹುದೆಂದು ಕೆಲವು ಪಂಡಿತರು ಊಹಿಸಿದ್ದಾರೆ. ನಂಟಿರಲಿ, ಇಲ್ಲದಿರಲಿ, ಅರ್ಥದಲ್ಲಿ ಅದು ನಮ್ಮ ‘ಚಲೋ’ಗೆ ಬಹಳ ಹತ್ತಿರ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರು ತಮ್ಮ ಸೃಷ್ಟಿಯನ್ನು ನೋಡಿ ಒಳ್ಳೆಯದೆಂದು ಕಾಣುವ ಮಾತು ಹಿಬ್ರೂವಿನಲ್ಲಿ ಏಳು ಸಲ ಬರುತ್ತದೆ. ಎರಡನೆಯ ದಿನ ಮಾತ್ರ ಬರುವುದಿಲ್ಲ. ಅಲ್ಲಿನ ‘ತೋವ್’ ಎಂಬ ಪದಕ್ಕೆ ಗ್ರೀಕ್ ಅನುವಾದಕರು ಆರಿಸಿಕೊಂಡದ್ದು ಕಲೊಸನ್ನೇ. ಬೆಳಕು ಚಲೋ ಇತ್ತು, ನೆಲ ಚಲೋ ಇತ್ತು.

ಯೇಸುಸ್ವಾಮಿ ಈ ಗುಣವಾಚಕವನ್ನು ಹಗುರವಾಗಿ ಒಪ್ಪಿಕೊಂಡವರಲ್ಲ. ನಿತ್ಯಜೀವ ಪಡೆಯಲು ಏನು ಮಾಡಬೇಕೆಂದು ಕೇಳುತ್ತ ಓಡಿಬಂದವನು ಅವರನ್ನು ‘ಒಳ್ಳೆಯ ಬೋಧಕರೇ’ ಎಂದಾಗ, ಸಂತ ಮಾರ್ಕನ ಪ್ರಕಾರ, ಅವರು ಮೊದಲು ತಡೆದದ್ದು ಆ ವಿಶೇಷಣವನ್ನೇ: ನನ್ನನ್ನೇಕೆ ಹಾಗೆ ಕರೆಯುತ್ತೀ, ಒಳ್ಳೆಯವರು ದೇವರೊಬ್ಬರೇ ಅಲ್ಲವೇ ಎಂದು. ಅಲ್ಲಿರುವುದು ‘ಅಗಥೊಸ್’. ಸಭೆ ಸಮಾರಂಭಗಳಲ್ಲಿ ವಿಶೇಷಣಗಳ ಹಾರವನ್ನೇ ಕೊರಳಿಗೆ ಹಾಕುವ ನಮಗೆ ಇದು ಸ್ವಲ್ಪ ಮುಜುಗರದ ಮಾತು! ಆದರೆ ಸಂತ ಯೊವಾನ್ನನ ಹತ್ತನೆಯ ಅಧ್ಯಾಯದಲ್ಲಿ ಅವರೇ ತಮ್ಮನ್ನು ಒಳ್ಳೆಯ ಕುರುಬ, ಉತ್ತಮ ಕುರಿಗಾಹಿ ಎಂದು ಕರೆದುಕೊಳ್ಳುತ್ತಾರೆ. ಅಲ್ಲಿರುವ ಪದ ‘ಕಲೊಸ್’. ಆ ಕುರುಬ ಏಕೆ ಕಲೊಸ್ ಎಂಬುದಕ್ಕೆ ಕಾರಣವನ್ನೂ ಅದೇ ಉಸಿರಿನಲ್ಲಿ ಹೇಳುತ್ತಾರೆ: ಅವನು ಕುರಿಗಳಿಗಾಗಿ ಪ್ರಾಣ ಕೊಡುತ್ತಾನೆ. ಕಂಬಳಿ ಹೊದ್ದು ಕುರಿ ಹಿಂಡಿನೊಡನೆ ಮಳೆಬಿಸ್ಲಲ್ಲಿ ಅಲೆಯುವ ಕುರುಬರನ್ನು ನಾವು ಇಂದಿಗೂ ನೋಡುತ್ತೇವೆ. ಅವರನ್ನು ಯಾರೂ ಶುಭ ಕುರುಬ ಎನ್ನುವುದಿಲ್ಲ. ಚಲೋ ಕುರುಬ ಎನ್ನುತ್ತಾರೆ.

ಗುಡ್ ಅಂಟಿಕೊಂಡ ಮತ್ತೊಂದು ಹೆಸರು ಇದೆ, ‘ಗುಡ್ ಸಮಾರಿಟನ್’. ಲೂಕನ ಶುಭಸಂದೇಶವನ್ನು ತೆರೆದು ನೋಡಿದರೆ ಆ ಸಮಾರಿಯದವನಿಗೆ ‘ಒಳ್ಳೆಯ’ ಎಂಬ ವಿಶೇಷಣವೇ ಇಲ್ಲ. ಅವನು ಕನಿಕರಪಟ್ಟ, ಗಾಯ ಕಟ್ಟಿದ, ಛತ್ರಕ್ಕೆ ಒಯ್ದ, ಹಣ ಕೊಟ್ಟ, ಅಲ್ಲಿರುವುದೆಲ್ಲ ಕ್ರಿಯಾಪದಗಳೇ. ಗುಡ್ ಎಂಬುದನ್ನು ಸೇರಿಸಿದವರು ಓದುಗರು. ಈ ಹೆಸರು ಇಂದು ಕಾನೂನಿಗೇ ಸೇರಿದೆ. 2016ರಲ್ಲಿ ಸುಪ್ರೀಂ ಕೋರ್ಟು ಅಪಘಾತಕ್ಕೆ ಸಿಕ್ಕವರಿಗೆ ನೆರವಾದವರ ರಕ್ಷಣೆಗೆ ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. ಅದೇ ವರ್ಷ ಕರ್ನಾಟಕ ವಿಧಾನಮಂಡಲ ‘ಗುಡ್ ಸಮಾರಿಟನ್’ ಹೆಸರಿನಲ್ಲೇ ಮಸೂದೆ ಅಂಗೀಕರಿಸಿತು. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಅದರ ಪ್ರಕಾರ, ಪ್ರತಿಫಲ ಬಯಸದೆ ಸದ್ಭಾವನೆಯಿಂದ ಗಾಯಾಳುವಿಗೆ ನೆರವಾದವರನ್ನು, ಮುಂದೆ ಆತನಿಗೆ ಏನಾದರೂ ಆದರೆ, ಹೊಣೆ ಮಾಡುವಂತಿಲ್ಲ. ಗುಡ್ ಸಮಾರಿಟನ್ನನಿಗೆ ‘ಗುಡ್ ಫೇತ್’ ಇರಬೇಕು, ನೋಡಿ! ಕಲ್ಲು, ಸಿಮೆಂಟು ಹೊತ್ತ ಲಾರಿಗಳು ಹಗಲಿರುಳು ಓಡುವ ನಮ್ಮ ರಸ್ತೆಗಳಲ್ಲಿ “ಪೊಲೀಸ್ ಕೇಸ್ ಆಗ್ತದ, ಮುಟ್ಟಬ್ಯಾಡ್ರಿ” ಎಂದು ಜನ ಸುತ್ತ ನಿಂತು ನೋಡುವ ಕಾಲ ಇನ್ನೂ ಪೂರ್ತಿ ಹೋಗಿಲ್ಲ. ಈ ಕಾನೂನು ನಮ್ಮ ಯುವಜನರಿಗೆ ಗೊತ್ತಿರಬೇಕು.

ಹಾಗಾದರೆ ಶುಕ್ರವಾರಕ್ಕೆ ಏನೆನ್ನೋಣ? ಧರ್ಮಕೇಂದ್ರದ ಫಲಕದಲ್ಲಿ ‘ಪವಿತ್ರ ಶುಕ್ರವಾರ’ ಎಂದು ಬರೆಯುವುದು ಹಳೆಯ ಇಂಗ್ಲಿಷಿಗೂ ನಿಷ್ಠೆ, ಉಳಿದ ಭಾಷೆಗಳಿಗೂ ಹೊಂದಿಕೆ ಎಂದು ನನ್ನ ಅಭಿಪ್ರಾಯ. ಪವಿತ್ರ ಗುರುವಾರ, ಪವಿತ್ರ ಶನಿವಾರಗಳ ನಡುವೆ ಅದು ಸರಿಯಾಗಿ ಕೂಡುತ್ತದೆ ಕೂಡ. ಶುಭ ಶುಕ್ರವಾರ ಎಂದು ಹೇಳಿ ರೂಢಿಯಾದ ಹಿರಿಯರನ್ನು ತಿದ್ದಲು ಹೋಗಬೇಕಾಗಿಲ್ಲ; ಆ ಪದದ ಬುಡದಲ್ಲಿಯೂ ಬೆಳಕೇ ಇದೆ ಎಂದು ನೋಡಿದೆವಲ್ಲ. ಆದರೆ ಮೊಬೈಲಿನಲ್ಲಿ ಈಗ ವರ್ಷವೂ ಹರಿದುಬರುವ ‘ಹ್ಯಾಪಿ ಗುಡ್ ಫ್ರೈಡೇ’ ಎಂಬ ಹೂವಿನ ಚಿತ್ರಗಳಿಗೆ ಮಾತ್ರ ಯಾವ ಭಾಷೆಯ ಚರಿತ್ರೆಯಲ್ಲೂ ಆಧಾರವಿಲ್ಲ. ಕಳಿಸುವವರು ಬಹುತೇಕ ಅನ್ಯಮತದ ಸ್ನೇಹಿತರು, ಪ್ರೀತಿಯಿಂದಲೇ ಕಳಿಸುತ್ತಾರೆ. ಅವರಿಗೆ ಬೇಸರವಾಗದಂತೆ ಈ ಗುಡ್ಡಿನ ಕಥೆಯನ್ನು ಹೇಳಬಹುದು.

ಆ ದಿನ ಬಲಿಪೂಜೆಯಿಲ್ಲ. ಪೀಠ ಬರಿದಾಗಿರುತ್ತದೆ, ಗಂಟೆ ಬಾರಿಸುವುದಿಲ್ಲ. ಶಿಲುಬೆಯ ಆರಾಧನೆ ಮುಗಿದು ಪರಮ ಪ್ರಸಾದ ಸ್ವೀಕರಿಸಿದ ಮೇಲೆ ಎಲ್ಲರೂ ಶಿಲುಬೆಗೆ ಮೊಣಕಾಲೂರಿ ಮೌನವಾಗಿ ಹೊರಡಬೇಕೆಂದು ಪೂಜಾವಿಧಿಯಲ್ಲೇ ಸೂಚನೆಯಿದೆ. ಬಾಗಿಲಲ್ಲಿ ನಿಂತು ಕೈಕುಲುಕಿ ಶುಭಾಶಯ ಹೇಳುವುದು ಪಾಸ್ಖ ಹಬ್ಬದ ಮುಂಜಾವಿನ ಕೆಲಸ.